ಸಮುದ್ರತೀರವೂ ಕೆರೆಯಂಚೂ

ಸಮುದ್ರವೆಂಬ ಶಬ್ದಕ್ಕೆ ಕನ್ನಡನಾಡಿನ ಬಯಲುಸೀಮೆಯಲ್ಲಿ ಎರಡು ಅರ್ಥಗಳುಂಟು. ಒಂದು, ನಿಘಂಟುಗಳೆಲ್ಲ ಹೇಳುವ ಕಡಲು. ಇನ್ನೊಂದು, ಏರಿ ಕಟ್ಟಿ ನೀರು ನಿಲ್ಲಿಸಿದ ದೊಡ್ಡ ಕೆರೆ. ಕಡಲಿನಿಂದ ಬಹುದೂರದ ಒಳನಾಡಿನಲ್ಲಿದ್ದ ಅರಸರೂ ದಂಡನಾಯಕರೂ ಊರಗೌಡರೂ ತಾವು ಕಟ್ಟಿಸಿದ ಕೆರೆಗಳನ್ನು ಸಮುದ್ರವೆಂದೂ ಸಾಗರವೆಂದೂ ಕರೆದರು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರವೆಂಬ ಹೆಸರಿರುವುದನ್ನು ಎಲ್ಲರೂ ಬಲ್ಲರು. ಬೆಂಗಳೂರಿನ ಸುತ್ತ ಈ ‘ಸಮುದ್ರ’ವು ಜನರ ನಾಲಗೆಯ ಮೇಲೆ ಸವೆದು ‘ಸಂದ್ರ’ವಾಗಿದೆ. ಬೊಮ್ಮಸಂದ್ರ, ಸಿಂಗಸಂದ್ರಗಳು ತೆಂಕಣ ದಿಕ್ಕಿನಲ್ಲಿದ್ದರೆ ಬಡಗಣ ದಿಕ್ಕಿನಲ್ಲಿ ಯಲಹಂಕದ ಮಗ್ಗುಲಲ್ಲೇ ಅಲ್ಲಾಳಸಂದ್ರವಿದೆ. ಆ ಊರಿನ ಹೆಸರಿನಲ್ಲಿರುವ ಸಮುದ್ರವು ಇಂದಿಗೂ ಕೆರೆಯಾಗಿ ಕಣ್ಣಿಗೆ ಕಾಣುತ್ತಿದೆ. ಯಶವಂತಪುರದ ನೆರೆಯ ಮತ್ತಿಕೆರೆಗೆ ಆ ಭಾಗ್ಯವೂ ಪೂರ್ತಿಯಾಗಿ ಉಳಿಯಲಿಲ್ಲ. ಅಲ್ಲಿಯ ಕೆರೆಯಂಗಳದ ಬಹುಭಾಗ ಉದ್ಯಾನವಾಗಿದ್ದು ಊರ ಹೆಸರಿನಲ್ಲಿ ಮಾತ್ರ ಕೆರೆ ನಿಂತಿದೆ.

ಹೆಬ್ಬಾಳವೆಂಬ ಹೆಸರನ್ನೂ ಕೆಲವರು ‘ಹೆಬ್ಬಳ್ಳ’ವೆಂದು ಬಿಡಿಸಿ ನೀರಿಗೆ ಸಂಬಂಧಿಸಿ ಹೇಳುವುದುಂಟು. 2018ರಲ್ಲಿ ಅಲ್ಲಿ ದೊರೆತ, ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನಲ್ಲಿ ‘ಪೆರ್ಬೊಳಲ್ ನಾಡು’ ಎಂಬ ರೂಪವಿರುವುದರಿಂದ ‘ಪಿರಿದಾದ ಪೊಳಲ್’, ಅಂದರೆ ದೊಡ್ಡ ಊರು, ಎಂಬ ಅರ್ಥವೇ ಸಾಧುವೆಂದು ತೋರುತ್ತದೆ. ಹೆಸರಿನಲ್ಲಿ ನೀರಿಲ್ಲದ ಆ ಊರಿನಲ್ಲಿ ಕೆರೆ ಉಳಿದಿದೆ. ಹೆಸರಿನಲ್ಲಿ ನೀರಿರುವ ಊರುಗಳು ಕೆರೆ ಕಳೆದುಕೊಂಡಿವೆ.

ಕೆರೆಗೆ ಸಮುದ್ರವೆಂದು ಹೆಸರಿಟ್ಟುದು ಕೇವಲ ಅತಿಶಯೋಕ್ತಿಯೆಂದು ತಿಳಿಯುವುದು ವಾಡಿಕೆ. ಆದರೆ ಜೀವಿಗಳ ನೆಲೆಯ ದೃಷ್ಟಿಯಿಂದ ನೋಡಿದರೆ ಆ ಹೆಸರಿನಲ್ಲಿ ಒಂದು ತಥ್ಯವೂ ಅಡಗಿದೆ. ಕಡಲ ತೀರವನ್ನು ಕಟ್ಟಡಗಳಿಂದ ಕಾಪಾಡಬೇಕೆಂದು ಇಂದು ಯಾವ ಕಾರಣಕ್ಕೆ ಹೇಳುತ್ತಾರೋ ಅದೇ ಕಾರಣ ಹೆಬ್ಬಾಳ, ಜಕ್ಕೂರು, ಯಲಹಂಕದ ಕೆರೆಗಳ ಅಂಚಿಗೂ ಸಲ್ಲುತ್ತದೆ. ಈ ಸಾದೃಶ್ಯವನ್ನು ವಿದ್ಯಾರ್ಥಿಗಳು ಸ್ವಲ್ಪ ವಿವರವಾಗಿ ತಿಳಿಯತಕ್ಕದ್ದು.

ಕಡಲಿನಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರವೂ ಎರಡು ಬಾರಿ ಇಳಿತವೂ ಆಗುತ್ತವೆ. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ಪಟ್ಟಿ ಒಮ್ಮೆ ನೀರಾಗಿರುತ್ತದೆ, ಒಮ್ಮೆ ನೆಲವಾಗಿರುತ್ತದೆ. ಏಡಿ, ಚಿಪ್ಪಿನ ಹುಳು, ಮರಿಮೀನು, ಅವುಗಳನ್ನು ಹೆಕ್ಕಿ ತಿನ್ನುವ ಹಕ್ಕಿ, ಇವೆಲ್ಲಕ್ಕೂ ಆ ಪಟ್ಟಿಯೇ ಅನ್ನದ ತಟ್ಟೆ. ಅದರ ಮೇಲಣ ಒಣಮರಳಿನಲ್ಲಿ ಕಡಲಾಮೆ ಬಂದು ಕುಳಿ ತೋಡಿ ಮೊಟ್ಟೆಯಿಡುತ್ತದೆ. ಉತ್ತರ ಕನ್ನಡದ ಹೊನ್ನಾವರದ ಕಾಸರಕೋಡು ಟೊಂಕದಂತಹ ತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಜಾತಿಯ ಆಮೆಗಳು ಹೀಗೆ ಬರುತ್ತವೆ. ಮೊಟ್ಟೆಯೊಡೆದ ಮರಿ ಇರುಳಿನಲ್ಲಿ ಕಡಲ ಕಡೆಯ ತಿಳಿಬೆಳಕನ್ನು ಗುರುತಾಗಿಟ್ಟುಕೊಂಡು ತೆವಳುತ್ತದೆ. ತೀರದಲ್ಲಿ ವಸತಿಗೃಹಗಳ ದೀಪಗಳು ಉರಿಯುತ್ತಿದ್ದರೆ ಮರಿಗೆ ದಿಕ್ಕು ತಪ್ಪುತ್ತದೆ. ಅದು ನೀರಿಗೆ ಬೆನ್ನು ಮಾಡಿ ರಸ್ತೆಯ ಕಡೆಗೆ ನಡೆದು ಸಾಯುತ್ತದೆ. ಇಲ್ಲಿ ಕಡಲು ಬತ್ತಲಿಲ್ಲ, ಮರಳೂ ಪೂರ್ತಿಯಾಗಿ ಹೋಗಲಿಲ್ಲ; ಅಂಚು ಕೆಟ್ಟಿತು, ಅಷ್ಟೆ.

ಕೆರೆಯಲ್ಲಿ ಇದೇ ಉಬ್ಬರವಿಳಿತ ವರ್ಷಕ್ಕೊಂದು ಬಾರಿ ನಡೆಯುತ್ತದೆ. ಮುಂಗಾರಿನಲ್ಲಿ ನೀರು ಬರತೊಡಗಿ ಹಿಂಗಾರಿನ ಹೊತ್ತಿಗೆ ಕೋಡಿಯ ಮಟ್ಟಕ್ಕೆ ನಿಲ್ಲುವುದು ಅದರ ಉಬ್ಬರ. ಪುಷ್ಯ ಮಾಘಗಳಿಂದ ಮೆಲ್ಲಮೆಲ್ಲನೆ ಹಿಂದೆ ಸರಿದು ಚೈತ್ರ ವೈಶಾಖಗಳಲ್ಲಿ ತೂಬಿನ ಬಳಿಯ ಗುಂಡಿಗೆ ಇಳಿಯುವುದು ಅದರ ಇಳಿತ. ಈ ಎರಡು ಗೆರೆಗಳ ನಡುವಣ ಭೂಮಿಯೇ ಕೆರೆಯಂಚು. ಏರಿಯ ಬದಿಯಲ್ಲಿ ನೀರು ಆಳವಾಗಿರುವುದರಿಂದ ಅಲ್ಲಿ ಅಂಚು ಕಿರಿದು. ಏರಿಗೆ ಎದುರಾದ ಹಿನ್ನೀರಿನ ಬದಿಯಲ್ಲಿ ನೆಲ ಇಳಿಜಾರಾಗಿರುವುದರಿಂದ ಅಂಚು ಬಹಳ ಅಗಲ. ಬೇಸಗೆಯಲ್ಲಿ ಅದು ಯಾರಿಗೂ ಬೇಡದ ಒಣನೆಲದಂತೆ ಕಾಣುತ್ತದೆ. ನಿವೇಶನಗಳ ಕಲ್ಲು ನೆಡುವವರು ಮೊದಲು ಬರುವುದೂ ಅಲ್ಲಿಗೇ.

ಆ ಅಂಚಿನಲ್ಲಿ ಜೀವಿಗಳು ನೀರಿನ ಆಳಕ್ಕೆ ತಕ್ಕಂತೆ ಪಂಕ್ತಿ ಹಿಡಿದಿರುವ ಕ್ರಮ ನೋಡತಕ್ಕದ್ದು. ಆಳೆತ್ತರದ ನೀರಿನಲ್ಲಿ ಗುಳುಮುಳುಕನೂ ನೀರುಕಾಗೆಯೂ ಮುಳುಗಿ ಮೀನು ಹಿಡಿಯುತ್ತವೆ. ಹಾವಕ್ಕಿ ಕತ್ತನ್ನು ಮಾತ್ರ ಮೇಲಿಟ್ಟು ಈಜುತ್ತದೆ. ಹೆಜ್ಜಾರ್ಲೆ ತನ್ನ ಕೊಕ್ಕಿನ ಚೀಲವನ್ನೇ ಬಲೆಯಾಗಿ ಬೀಸುತ್ತದೆ. ಮೊಳಕಾಲುದ್ದದ ನೀರಿನಲ್ಲಿ ಬೂದುಬಕ ತಪಸ್ವಿಯಂತೆ ನಿಲ್ಲುತ್ತದೆ. ಚಮಚಕೊಕ್ಕು ಕೊಕ್ಕನ್ನು ಎಡಬಲಕ್ಕೆ ಆಡಿಸುತ್ತ ನಡೆಯುತ್ತದೆ. ಗೇಣುದ್ದದ ನೀರಿನಲ್ಲಿ ಮೆಟ್ಟುಗಾಲು ಹಕ್ಕಿಗೆ ಗ್ರಾಸ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಬಿಳಿಹುಬ್ಬಿನ ಬಾತು, ಸೂಜಿಬಾಲದ ಬಾತುಗಳಿಗೂ ತಲೆ ಕೆಳಗೆ ಮಾಡಿ ಕೊಕ್ಕಿಗೆ ನೆಲ ಎಟುಕುವಷ್ಟು ತೆಳುನೀರೇ ಬೇಕು. ಬೆರಳುದ್ದದ ನೀರು ನಿಂತ ಕೆಸರಿನಲ್ಲಿ ಗದ್ದೆಗೊರವವೂ ಉಲ್ಲಂಕಿಯೂ ಹುಳುಗಳನ್ನು ಚುಚ್ಚಿ ತೆಗೆಯುತ್ತವೆ. ಜೊಂಡು, ಆಪುಗಳ ನಡುವೆ ಜಂಬುಕೋಳಿಯ ಗೂಡು, ಕಪ್ಪೆಯ ತತ್ತಿ, ಮೀನಿನ ಮರಿ. ನೀರು ಬಿಟ್ಟುಹೋದ ಒಣನೆಲದಲ್ಲಿ, ಬೇಸಗೆಯಲ್ಲಿ, ಟಿಟ್ಟಿಭವು ಗೂಡೆಂಬ ಹೆಸರಿಗೆ ನಾಲ್ಕು ಹರಳುಗಳನ್ನು ಸುತ್ತ ಜೋಡಿಸಿ ಮಣ್ಣಿನ ಬಣ್ಣದ್ದೇ ಮೊಟ್ಟೆಗಳನ್ನಿಡುತ್ತದೆ. ಒಂದೊಂದು ಹಕ್ಕಿಯ ಕಾಲಿನ ಉದ್ದವೂ ಕೊಕ್ಕಿನ ಆಕಾರವೂ ಒಂದೊಂದು ಆಳಕ್ಕೆ ಅಳೆದು ಮಾಡಿದಂತಿವೆ. ಆದುದರಿಂದ ಕೆರೆಯ ನೀರು ಉಳಿದು ಅಂಚು ಅಳಿದರೆ ಈ ಪಂಕ್ತಿಯಲ್ಲಿ ಮೊದಲ ಸಾಲಿನ ಮೂರು ನಾಲ್ಕು ಹಕ್ಕಿಗಳು ಮಾತ್ರ ಉಳಿದು ಮಿಕ್ಕವು ಏಳಬೇಕಾಗುತ್ತದೆ.

ಪಂಚತಂತ್ರದಲ್ಲಿ ಬರುವ ಟಿಟ್ಟಿಭ ದಂಪತಿಗಳ ಕಥೆ ಈ ಸಂದರ್ಭದಲ್ಲಿ ನೆನಪಾಗುತ್ತದೆ. ತೀರದಲ್ಲಿಟ್ಟ ಮೊಟ್ಟೆಗಳನ್ನು ಸಮುದ್ರ ಸೆಳೆದುಕೊಂಡಾಗ ಹಕ್ಕಿಗಳೆಲ್ಲ ಒಟ್ಟುಗೂಡಿ ಗರುಡನಲ್ಲಿ ಮೊರೆಯಿಟ್ಟು, ವಿಷ್ಣುವಿನ ಭಯದಿಂದ ಸಮುದ್ರವು ಮೊಟ್ಟೆಗಳನ್ನು ಹಿಂದಿರುಗಿಸುವಂತೆ ಮಾಡಿದವು. ಅಲ್ಲಿ ಅಪರಾಧಿ ಸಮುದ್ರವಾಗಿತ್ತು. ಅದಕ್ಕೆ ದಂಡನೆಯ ಭಯವಿತ್ತು. ಜೆ.ಸಿ.ಬಿ. ಯಂತ್ರದ ಕೆಳಗೆ ಮೊಟ್ಟೆ ಸಿಕ್ಕಿದಾಗ ಮೊರೆಯಿಡುವುದು ಯಾರಲ್ಲಿ ಎಂಬುದು ಬೇರೆ ಪ್ರಶ್ನೆ.

ಕಡಲತೀರಕ್ಕೆ ಒಂದು ಕಾನೂನು ದೊರೆತಿದೆ. 1981ರಲ್ಲಿ ಅಂದಿನ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ಉಬ್ಬರದ ಗೆರೆಯಿಂದ 500 ಮೀಟರುಗಳವರೆಗಿನ ತೀರವನ್ನು ನಿರ್ಮಾಣಗಳಿಂದ ಮುಕ್ತವಾಗಿಡಬೇಕೆಂದು ಸೂಚಿಸಿದರು. ಹತ್ತು ವರ್ಷಗಳ ಬಳಿಕ, 1991ರ ಫೆಬ್ರವರಿ 19ರಂದು, ಕೇಂದ್ರ ಸರಕಾರದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಟಿತು. ಗ್ರಾಮಾಂತರ ತೀರಗಳಲ್ಲಿ ಮೊದಲ 200 ಮೀಟರು ನಿರ್ಮಾಣನಿಷಿದ್ಧವಾಯಿತು. 2011ರಲ್ಲಿಯೂ 2019ರಲ್ಲಿಯೂ ಅದನ್ನು ಹೊಸದಾಗಿ ಬರೆದರು. ಕೊನೆಯದರಲ್ಲಿ ಜನಸಾಂದ್ರತೆ ಹೆಚ್ಚಿರುವ ಗ್ರಾಮಾಂತರ ತೀರಗಳಿಗೆ ಆ 200 ಮೀಟರು 50 ಮೀಟರಿಗೆ ಇಳಿಯಿತು. ಇಳಿಸಿದ್ದು ಸರಿಯೇ ಎಂಬ ಚರ್ಚೆ ಇದ್ದೇ ಇದೆ. ಆದರೂ ಒಂದು ಮಾತನ್ನು ಒಪ್ಪಬೇಕು. ಆ ಕಾನೂನು ಅಳತೆಯನ್ನು ಉಬ್ಬರದ ಗೆರೆಯಿಂದ ಆರಂಭಿಸುತ್ತದೆ. ಉಬ್ಬರವಿಳಿತಗಳ ನಡುವಿನ ಪಟ್ಟಿಯನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ಅಂಚೆಂಬುದು ಒಂದು ವಸ್ತುವೆಂದು ಅದು ಬಲ್ಲದು.

ಕೆರೆಯ ವಿಷಯದಲ್ಲಿ ಈ ಅರಿವು ಭಾಷೆಯಲ್ಲಿಯೇ ಸ್ವಲ್ಪ ಕಡಿಮೆ ಎನ್ನಬೇಕು. ಹಳಗನ್ನಡದಲ್ಲಿ ‘ಕರೆ’ ಎಂದರೆ ದಡ. ‘ಕೆರೆ’ಯ ಮೂಲರೂಪವಾದರೋ ಶಕಟರೇಫವುಳ್ಳ ‘ಕೆಱೆ’. ಎರಡೂ ಒಂದೇ ಧಾತುವಿನವಲ್ಲ. ಕೆಱೆಯ ನಂಟು ‘ಸೆಱೆ’ಯೊಡನೆ, ತಮಿಳಿನ ‘ಚಿಱೈ’ಯೊಡನೆ, ತಡೆದು ನಿಲ್ಲಿಸುವುದೇ ಅದರ ಅರ್ಥ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂದು ಕೆರೆಯ ಒಂದೊಂದು ಅಂಗಕ್ಕೂ ಹೆಸರಿಟ್ಟ ಜನ ನೀರು ಹಿಂದೆಗೆದ ನೆಲವನ್ನು ಕೆರೆಯಂಗಳವೆಂಬ ಒಂದೇ ಮಾತಿನಲ್ಲಿ ಮುಗಿಸಿದರು. ಕೆರೆ ಬೇಸಾಯಕ್ಕಾಗಿ ಇದ್ದುದರಿಂದ ಇದು ಸಹಜ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಅನಂತರಾಜಸಾಗರವೆಂಬ ಕೆರೆ ಕಟ್ಟಿಸಿ ಬರೆಸಿದ 1369ರ ಸಂಸ್ಕೃತ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳೂ ವರ್ಜಿಸಬೇಕಾದ ಆರು ದೋಷಗಳೂ ಹೇಳಲ್ಪಟ್ಟಿವೆ. ಆ ದೋಷಗಳಲ್ಲಿ ಒಂದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ಉಬ್ಬಿದ ದಿಬ್ಬ. ನೀರಿನ ಪ್ರಮಾಣ ಕಡಿಮೆಯಾಗುವುದೆಂದು ಅದನ್ನು ದೋಷವೆಂದರು. ಬೇಸಾಯಗಾರನ ಲೆಕ್ಕದಲ್ಲಿ ಅದು ನ್ಯಾಯವೇ. ಇಂದು ಹೆಬ್ಬಾಳದ ಕೆರೆಯ ನೀರನ್ನು ನೆಚ್ಚಿದ ಗದ್ದೆಯಿಲ್ಲ. ಈಗ ಕೆರೆಯ ನಡುವೆ ಹಕ್ಕಿಗಳಿಗೆಂದೇ ದಿಬ್ಬಗಳನ್ನು ಉಳಿಸುತ್ತಾರೆ, ಹೊಸದಾಗಿಯೂ ಮಾಡುತ್ತಾರೆ. ಕೆರೆಯ ಪ್ರಯೋಜನ ಬದಲಾದಾಗ ಅದರ ಗುಣದೋಷಗಳ ಪಟ್ಟಿಯೂ ಬದಲಾಗಬೇಕು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ತೋಡಿದ ಶಿವಯೋಗಿ ಸಿದ್ಧರಾಮನ ಕಾಯಕವನ್ನು ಗೌರವಿಸುವವರು ಇದನ್ನು ಸಂಪ್ರದಾಯವಿರೋಧವೆಂದು ತಿಳಿಯಬೇಕಾಗಿಲ್ಲ.

ಬೆಂಗಳೂರು ದೊಡ್ಡ ನದಿಯಿಲ್ಲದ ಊರು. ದಿಣ್ಣೆಯ ಮೇಲೆ ಕುಳಿತಿರುವ ಈ ನಗರದ ಮಳೆನೀರು ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಹರಿದುಹೋಗುತ್ತದೆ. ಒಂದರ ಕೋಡಿಯ ನೀರು ಇನ್ನೊಂದನ್ನು ತುಂಬುವಂತೆ ಹಿಂದಿನವರು ಕೆರೆಗಳನ್ನು ಸರಮಾಲೆಯಾಗಿ ಕಟ್ಟಿದರು. ಯಲಹಂಕದ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಹೀಗೆ ಮುಂದುವರಿದು ಕಟ್ಟಕಡೆಗೆ ದಕ್ಷಿಣ ಪಿನಾಕಿನಿಗೆ. ಈ ಮಾಲೆಯ ಮಣಿಗಳು ಉದುರಿದ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಧರ್ಮಾಂಬುಧಿ ಬಸ್ಸುನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 1985ರಲ್ಲಿ ಸರಕಾರ ನೇಮಿಸಿದ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯ ಸಮಿತಿ, ಉಳಿದ ಕೆರೆಗಳನ್ನು ಒಡೆಯಬಾರದು, ಕೊಳಚೆಯನ್ನು ಅವುಗಳಿಂದ ಬೇರೆಡೆಗೆ ತಿರುಗಿಸಬೇಕು ಎಂದು ಸಲಹೆ ಮಾಡಿತು. ಅಂದಿನ ಭಯ ಕೆರೆ ಮುಚ್ಚಿಹೋಗುವ ಭಯ.

ಅನಂತರ ಬಂದ ಅಪಾಯ ಬೇರೆ ಬಗೆಯದು. ಅದು ಸಿಂಗಾರದ ವೇಷದಲ್ಲಿ ಬಂತು. ಹೆಬ್ಬಾಳದ ಕೆರೆಯನ್ನು 1990ರ ದಶಕದ ಕೊನೆಗೆ ನಾರ್ವೆ ದೇಶದ ನೆರವಿನಿಂದ ಹೂಳೆತ್ತಿ ಸರಿಪಡಿಸಲಾಯಿತು. 2002ರಲ್ಲಿ ಸರಕಾರ ಕೆರೆ ಅಭಿವೃದ್ಧಿ ಪ್ರಾಧಿಕಾರವನ್ನು ರಚಿಸಿತು. ಆ ಪ್ರಾಧಿಕಾರ ಕೆಲವು ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಿತು. 2006ರಲ್ಲಿ ಹೆಬ್ಬಾಳದ ಕೆರೆ 15 ವರ್ಷಗಳ ಗುತ್ತಿಗೆಗೆ ಒಂದು ದೊಡ್ಡ ಹೋಟೆಲು ಸಂಸ್ಥೆಯ ಪಾಲಾಯಿತು. ನಾಗವಾರದ ಕೆರೆಯಂಚಿನಲ್ಲಿ ದೋಣಿವಿಹಾರ, ಉಪಾಹಾರಗೃಹಗಳೂ ಕೃತಕ ಅಲೆಗಳೇಳುವ ಈಜುಕೊಳವೂ ಬಂದವು. ಸಮುದ್ರವೆಂಬ ಹಳೆಯ ಹೆಸರು ಹೀಗೂ ನಿಜವಾಗಬಹುದೆಂದು ಕೆರೆ ಕಟ್ಟಿದವರು ಎಣಿಸಿರಲಾರರು. 2008ರಲ್ಲಿ ಈ ಗುತ್ತಿಗೆಗಳ ವಿರುದ್ಧ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಉಚ್ಚ ನ್ಯಾಯಾಲಯದ ಮುಂದೆ ಬಂತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಗಿ, 2012ರ ಏಪ್ರಿಲ್ ತಿಂಗಳಲ್ಲಿ ತೀರ್ಪು ಹೊರಬಂದಿತು; ಹೊಸ ಗುತ್ತಿಗೆಗಳಿಗೆ ತಡೆ ಬಿತ್ತು.

ಗುತ್ತಿಗೆ ನಿಂತರೂ ಸಿಂಗಾರದ ರೂಢಿ ನಿಲ್ಲಲಿಲ್ಲ. ಅದರ ಕ್ರಮ ಹೀಗೆ: ಕೆರೆಯಂಗಳವನ್ನು ಒಂದೇ ಸಮನೆ ಆಳವಾಗಿ ಅಗೆದು ಬೋಗುಣಿಯಂತೆ ಮಾಡುವುದು, ಅಗೆದ ಮಣ್ಣನ್ನೇ ಸುತ್ತ ಹಾಕಿ, ತೆಳುನೀರು ನಿಲ್ಲುತ್ತಿದ್ದ ಕಡೆಯಲ್ಲಿಯೇ ವಾಯುವಿಹಾರದ ದಾರಿ ಎತ್ತರಿಸುವುದು, ದಡಕ್ಕೆ ಕಲ್ಲು ಹಾಸುವುದು, ಜೊಂಡನ್ನು ಕಸವೆಂದು ಕಿತ್ತು ಹುಲ್ಲುಹಾಸು ಬೆಳೆಸುವುದು, ದೀಪದ ಕಂಬ ನೆಡುವುದು. ಕೆಲಸ ಮುಗಿದಾಗ ನೀರು ಅಂದವಾಗಿ ಕಾಣುತ್ತದೆ, ಊರಿನವರಿಗೆ ಸಂತೋಷವಾಗುತ್ತದೆ. ಆದರೆ ಮೊಳಕಾಲುದ್ದದ, ಗೇಣುದ್ದದ, ಬೆರಳುದ್ದದ ನೀರು ಅಲ್ಲೆಲ್ಲಿಯೂ ಇರುವುದಿಲ್ಲ. ದಾರಿಯಿಂದ ಒಂದು ಹೆಜ್ಜೆ ಇಳಿದರೆ ಆಳೇ ಮುಳುಗುವ ನೀರು. ಕಡಲತೀರದಲ್ಲಿ ತಡೆಗೋಡೆ ಕಟ್ಟಿ ಮರಳನ್ನು ಕಳೆದುಕೊಳ್ಳುವುದಕ್ಕೂ ಇದಕ್ಕೂ ಭೇದವಿಲ್ಲ.

ಇದರೊಡನೆ ಸಾಮಾನ್ಯವಾಗಿ ಯಾರೂ ಗಮನಿಸದ ಇನ್ನೊಂದು ಕಾರಣವೂ ಕೂಡಿದೆ. ನಗರದ ಬಳಸಿದ ನೀರು ವರ್ಷವಿಡೀ ಕೆರೆಗೆ ಹರಿಯುವುದರಿಂದ ಬೇಸಗೆಯ ಇಳಿತವೇ ಇಲ್ಲವಾಗಿದೆ. ಸುಮಾರು 160 ಎಕರೆಯ ಜಕ್ಕೂರು ಕೆರೆಯ ತಲೆಯಲ್ಲಿ ಕೊಳಚೆಯನ್ನು ಶುದ್ಧಿಮಾಡುವ ಘಟಕವಿದೆ. ಅಲ್ಲಿಂದ ಬರುವ ನೀರು ಜೊಂಡು ಬೆಳೆದ ಜವುಗಿನ ಮೂಲಕ ಹಾದು, ಉಳಿದ ಮಲಿನಾಂಶವನ್ನು ಗಿಡಗಳ ಬೇರಿಗೆ ಬಿಟ್ಟು ಕೆರೆ ಸೇರುತ್ತದೆ. ಇದು ನಗರಕ್ಕೇ ಮಾದರಿಯೆನ್ನಿಸಿಕೊಂಡ ಏರ್ಪಾಡು, ಮೆಚ್ಚತಕ್ಕದ್ದೇ. ಆದರೂ ಸದಾ ತುಂಬಿರುವ ಕೆರೆ ಹೆಜ್ಜಾರ್ಲೆಗೂ ನೀರುಕಾಗೆಗೂ ಒಪ್ಪುವಷ್ಟು ಕೆಸರಿನ ಹಕ್ಕಿಗೂ ಟಿಟ್ಟಿಭಕ್ಕೂ ಒಪ್ಪುವುದಿಲ್ಲ. ತುಂಬಿದ ಕೆರೆಯನ್ನು ಕಂಡು ಹಿಗ್ಗುವ ಕಣ್ಣಿಗೆ ಈ ನಷ್ಟ ಕಾಣುವುದು ಕಷ್ಟ.

ಯಲಹಂಕದ ಪುಟ್ಟೇನಹಳ್ಳಿಯ ಕೆರೆ ಇವೆಲ್ಲಕ್ಕಿಂತ ಭಿನ್ನವಾದ ದಾರಿ ಹಿಡಿದಿದೆ. ಚಿಕ್ಕದಾದ ಈ ಕೆರೆಯಲ್ಲಿ ಹಾವಕ್ಕಿ, ಬಕ ಮೊದಲಾದವು ಗೂಡು ಕಟ್ಟಿ ಮರಿ ಮಾಡುತ್ತವೆ. 2015ರಲ್ಲಿ ರಾಜ್ಯ ಸರಕಾರ ಇದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಬೆಂಗಳೂರಿನಲ್ಲಿ ಅಂತಹ ಘೋಷಣೆ ಪಡೆದ ಮೊದಲ ಕೆರೆ ಇದೇ. ಘೋಷಣೆಯಿಂದ ಕೊಳಚೆ ನಿಲ್ಲಲಿಲ್ಲವೆಂಬ ದೂರು ಅದರ ಬೆನ್ನಿಗೇ ಬಂದುದೂ ಉಂಟು. ಆದರೆ ಈ ದಾರಿಗೆ ಇನ್ನೊಂದು ಮಹತ್ತ್ವವಿದೆ. ಕೇಂದ್ರ ಸರಕಾರದ 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಕುಡಿಯುವ ನೀರಿಗಾಗಿಯೋ ನೀರಾವರಿಗಾಗಿಯೋ ವಿಹಾರಕ್ಕಾಗಿಯೋ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಜೌಗುಭೂಮಿಯ ಲಕ್ಷಣದಿಂದಲೇ ಹೊರಗಿಟ್ಟಿವೆ. ಬೆಂಗಳೂರಿನ ಕೆರೆಗಳೆಲ್ಲ ಕಟ್ಟಿದವೇ! ಪೂರ್ವಿಕರು ಬೆವರು ಸುರಿಸಿ ಏರಿ ಹಾಕಿದ್ದೇ ಅವುಗಳ ಅಪರಾಧವಾದಂತಾಯಿತು. 1971ರ ರಾಮ್ಸಾರ್ ಒಪ್ಪಂದದ ಲಕ್ಷಣ ಇದಕ್ಕಿಂತ ಉದಾರವಾದುದು. ಸಹಜವೋ ಕೃತಕವೋ, ಸಿಹಿಯೋ ಉಪ್ಪೋ, ಇಳಿತದಲ್ಲಿ ಆರು ಮೀಟರಿಗಿಂತ ಹೆಚ್ಚು ಆಳವಿಲ್ಲದ ಕಡಲಂಚೂ ಸೇರಿ, ಎಲ್ಲವೂ ಅಲ್ಲಿ ಒಂದೇ ವರ್ಗ. 2024ರ ಜನವರಿಯಲ್ಲಿ ಆ ಒಪ್ಪಂದದ ಪಟ್ಟಿಗೆ ಕರ್ನಾಟಕದಿಂದ ಒಟ್ಟಿಗೇ ಸೇರಿದ ಮೂರು ಸ್ಥಳಗಳು ಇವು: ಕಡಲು ಸೇರುವ ಅಘನಾಶಿನಿಯ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ. ಕಡಲಂಚೂ ಕೆರೆಯಂಚೂ, ಸಮುದ್ರವೆಂಬ ಹೆಸರಿನ ಕೆರೆಯೂ ಒಂದೇ ಸಾಲಿನಲ್ಲಿ ನಿಂತಿವೆ.

ಅಂಚಿನ ಅಳತೆಯ ವ್ಯಾಜ್ಯವಾದರೋ ಮುಗಿದಿಲ್ಲ. ನಗರದ ಯೋಜನೆಯಲ್ಲಿ ಕೆರೆಯ ಸುತ್ತ 30 ಮೀಟರು ಬಿಡಬೇಕೆಂದಿದ್ದುದನ್ನು 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 75 ಮೀಟರಿಗೆ ಏರಿಸಿತು. 2019ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಗೊಳಿಸಿತು. 2025ರಲ್ಲಿ ರಾಜ್ಯದ ಶಾಸನಸಭೆಯ ಮುಂದೆ ಬಂದ ತಿದ್ದುಪಡಿಯು ಕೆರೆ ಕಿರಿದಾದಷ್ಟೂ ಅಂಚನ್ನು ಕಿರಿದು ಮಾಡುವಂತಹದು. ಮೀಟರುಗಳ ಈ ಏರಿಳಿತದಲ್ಲಿ ಮರೆಯಬಾರದ ವಿಷಯವೆಂದರೆ, ಗೆರೆಯಾಚೆ ಎಷ್ಟು ಬಿಡಬೇಕೆಂದು ಎಲ್ಲರೂ ವಾದಿಸುತ್ತಿದ್ದಾರೆ. ಗೆರೆಯೊಳಗಿನ ಇಳಿಜಾರಿಗೆ ಏನಾಗಬೇಕೆಂದು ಕೇಳುವವರು ವಿರಳ. 75 ಮೀಟರು ಬಿಟ್ಟು ಒಳಗೆ ಬೋಗುಣಿ ತೋಡಿದರೆ ಉಲ್ಲಂಕಿಗೆ ಅದರಿಂದ ಏನೂ ಲಾಭವಿಲ್ಲ.

ಕಾಲುದಾರಿ, ಬೇಲಿಗಳನ್ನು ಬಯಸುವವರ ಪಕ್ಷದಲ್ಲಿಯೂ ನ್ಯಾಯವಿದೆ. ಬೇಸಗೆಯಲ್ಲಿ ಬರಿದಾಗಿ ಕಾಣುವ ಅಂಗಳ ಒತ್ತುವರಿಗೆ ಆಹ್ವಾನವಿತ್ತಂತೆ. ಜನ ದಿನವೂ ನಡೆದಾಡುವ ಕೆರೆಯನ್ನು ಕದಿಯುವುದು ಕಷ್ಟ. ಮನುಷ್ಯನ ಸಾಮೀಪ್ಯವೇ ಹಕ್ಕಿಗೆ ವಿಷವೆಂಬುದೂ ಸುಳ್ಳು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಯ ಹಿತ್ತಿಲ ಮರಗಳಲ್ಲೇ ಗೂಡು ಕಟ್ಟುತ್ತವೆ. ಆದುದರಿಂದ ದಾರಿ ಬೇಡವೆಂಬುದಲ್ಲ, ಅದು ಎಲ್ಲಿರಬೇಕೆಂಬುದೇ ಪ್ರಶ್ನೆ. ಏರಿಯ ಮೇಲೆ ದಾರಿ ಮೊದಲಿನಿಂದಲೂ ಇದ್ದೇ ಇದೆ. ಹಿನ್ನೀರಿನ ಬದಿಯಲ್ಲಿ ಕೋಡಿಯ ಮಟ್ಟದ ಗೆರೆಯಿಂದ ಹೊರಗೆ ದಾರಿ ಸಾಗಿದರೆ, ಇರುಳಿನಲ್ಲಿ ಅಲ್ಲಿ ದೀಪವಿಲ್ಲದಿದ್ದರೆ, ನಡೆಯುವವನಿಗೂ ನಷ್ಟವಿಲ್ಲ, ಹಕ್ಕಿಗೂ ನಷ್ಟವಿಲ್ಲ.

ಜಕ್ಕೂರಿನಲ್ಲಿ ಮೀನು ಹಿಡಿಯುವವರೂ ದನಗಳ ಮೇವಿಗೆ ಅಂಚಿನ ಹುಲ್ಲು ಕೊಯ್ಯುವವರೂ ಇದ್ದಾರೆ. ಅವರ ಕೆಲಸವನ್ನು ಕೆರೆಗೆ ಕೇಡೆಂದು ತಿಳಿದು ತಡೆಯುವುದು ಅವಿಚಾರ. ಕೊಯ್ಯದೆ ಬಿಟ್ಟರೆ ಆಪು ಅಂಚನ್ನೆಲ್ಲ ಮುಚ್ಚಿ ತೆಳುನೀರನ್ನೇ ನುಂಗುತ್ತದೆ. ಬೇರು ಹೀರಿಕೊಂಡ ಮಲಿನಾಂಶವೂ ಗಿಡ ಕೊಳೆತಾಗ ಮತ್ತೆ ನೀರಿಗೇ ಸೇರುತ್ತದೆ. ಪೂರ್ತಿ ಕೊಯ್ದರೆ ಜಂಬುಕೋಳಿಗೆ ಗೂಡಿನ ಜಾಗವಿಲ್ಲ. ಯಾವ ತಿಂಗಳಲ್ಲಿ ಎಷ್ಟು ಕೊಯ್ಯಬೇಕು, ಬೇಸಗೆಯಲ್ಲಿ ತೂಬನ್ನು ಎಷ್ಟು ತೆರೆದು ಎಷ್ಟು ಕೆಸರನ್ನು ಹೊರಗೆ ಬಿಡಬೇಕು ಎಂಬುದನ್ನು ನಿರ್ಣಯಿಸುವ ಒಬ್ಬನು ಪ್ರತಿಯೊಂದು ಕೆರೆಗೂ ಬೇಕು. ಹಿಂದೆ ತೂಬಿನ ಕೀಲಿ ನೀರುಗಂಟಿಯ ಕೈಯಲ್ಲಿರುತ್ತಿತ್ತು. ಯಾವ ಗದ್ದೆಗೆ ಎಷ್ಟು ನೀರೆಂಬುದನ್ನು ಅವನು ಬಲ್ಲವನಾಗಿದ್ದ. ಗದ್ದೆಗಳು ಹೋದ ಮೇಲೆ ಆ ಕಾಯಕವೂ ಹೋಯಿತು. ಪುಟ್ಟೇನಹಳ್ಳಿಯಂತಹ ಮೀಸಲು ಪ್ರದೇಶಕ್ಕೆ ಸ್ಥಳೀಯರೂ ಸೇರಿದ ನಿರ್ವಹಣಾ ಸಮಿತಿ ಇರಬೇಕೆಂದು ಕಾಯಿದೆಯೇ ಹೇಳುತ್ತದೆ. ಹೊಸ ನೀರುಗಂಟಿಯನ್ನು ನೇಮಿಸುವ ಕೆಲಸವನ್ನು ಅಂತಹ ಸಮಿತಿಯೇ ಮೊದಲು ಕೈಗೆತ್ತಿಕೊಳ್ಳಬಹುದು. ಈ ಬಾರಿ ಅವನು ಗದ್ದೆಯ ಬದಲು ಕೆಸರಿನ ಲೆಕ್ಕವನ್ನಿಡಬೇಕಾಗುತ್ತದೆ.